ವಿಮಾನಯಾನದಲ್ಲಿ ಅಪಾಯದ ಅಳತೆ ಮತ್ತು ಅಂಕೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲೆ ಆನಗೋಡು ಎಂಬ ಗ್ರಾಮವಿದೆ. ಅಲ್ಲಿ ಬಸ್ಸು ನಿಂತು ಹೊರಡುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಸಂತೆಯ ಚೀಲ ಹಿಡಿದ ಅಜ್ಜಿಯೊಬ್ಬರು ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದಾರೆ; ಒಂದು ಕಾಲು ನೆಲದ ಮೇಲಿದೆ, ಇನ್ನೊಂದು ಮೆಟ್ಟಿಲ ಮೇಲೆಯೇ ಇದೆ. ಡ್ರೈವರಿಗೆ ಅವರು ಕಾಣುವುದಿಲ್ಲ. ಆತ ಗೇರು ಹಾಕಿ ಬಸ್ಸನ್ನು ಕದಲಿಸುತ್ತಾನೆ. ಕೂಡಲೆ ಕಂಡಕ್ಟರು "ಹೋಲ್ಡಾನ್!" ಎಂದು ಕೂಗುತ್ತಾನೆ. ಡ್ರೈವರು ಮೊದಲು ಬ್ರೇಕು ಒತ್ತುತ್ತಾನೆ, ಆಮೇಲೆ ಹಿಂದಕ್ಕೆ ತಿರುಗಿ ಏನಾಯಿತೆಂದು ಕೇಳುತ್ತಾನೆ.

ಈ ಸಾಮಾನ್ಯ ದೃಶ್ಯದಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಬಸ್ಸನ್ನು ನಡೆಸುವ ಅಧಿಕಾರ ಡ್ರೈವರಿನದು. ಆದರೂ ಅದನ್ನು ನಿಲ್ಲಿಸುವ ಅಧಿಕಾರ ಕಂಡಕ್ಟರಿನ ಬಾಯಲ್ಲಿದೆ. ಆ ಕೂಗು ಕೇಳಿದ ಮೇಲೆ ಡ್ರೈವರು ವಾದಕ್ಕೆ ನಿಲ್ಲುವುದಿಲ್ಲ, ತನ್ನ ಹಿರಿತನಕ್ಕೆ ಕುಂದಾಯಿತೆಂದೂ ಭಾವಿಸುವುದಿಲ್ಲ. ಕೂಗಿದ್ದು ತಪ್ಪಾಗಿದ್ದರೆ ನಷ್ಟವಾಗುವುದು ಅರ್ಧ ನಿಮಿಷ. ಕೂಗದೆ ಇದ್ದಿದ್ದರೆ ಹೋಗುತ್ತಿದ್ದುದು ಒಂದು ಜೀವ. ನೂರಾರು ಜನರನ್ನು ಹೊತ್ತು ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನದಲ್ಲಿ ಇಂಥ ಕೂಗಿಗೆ ಎಷ್ಟು ಬೆಲೆಯಿದೆ? ಆ ಬೆಲೆಯನ್ನು ಕಟ್ಟಿಕೊಡುವವರು ಯಾರು? ಈ ಪ್ರಶ್ನೆಗಳನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ದುರಂತದ ಆಧಾರದಿಂದ ಈ ಲೇಖನದಲ್ಲಿ ವಿವೇಚಿಸೋಣ.

ಅಪಾಯವೆಂದರೇನು?

ದಿನಬಳಕೆಯ ಮಾತಿನಲ್ಲಿ ಅಪಾಯವೆಂಬ ಒಂದೇ ಪದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಶಾಸ್ತ್ರೀಯ ವಿವೇಚನೆಯಲ್ಲಿ ಇವೆರಡನ್ನೂ ಬೇರ್ಪಡಿಸಬೇಕಾಗುತ್ತದೆ. ಕೇಡನ್ನು ಉಂಟುಮಾಡಬಲ್ಲ ವಸ್ತುವನ್ನಾಗಲಿ ಸನ್ನಿವೇಶವನ್ನಾಗಲಿ ಅಪಾಯಮೂಲ ಎಂದು ಕರೆಯೋಣ. ಅದರಿಂದ ಕೇಡು ಒದಗುವ ಸಂಭವವೆಷ್ಟು, ಒದಗಿದರೆ ಆ ಕೇಡಿನ ತೀವ್ರತೆಯೆಷ್ಟು, ಇವೆರಡನ್ನೂ ಕೂಡಿಸಿ ನೋಡಿದಾಗ ದೊರೆಯುವುದೇ ಅಪಾಯದ ಪ್ರಮಾಣ. ಹೆದ್ದಾರಿಯಲ್ಲಿ ಧಾವಿಸುವ ಲಾರಿ ಅಪಾಯಮೂಲ. ಅದು ಎಲ್ಲರಿಗೂ ಒಂದೇ. ಆದರೆ ಮೇಲುಸೇತುವೆಯನ್ನು ಹತ್ತಿ ರಸ್ತೆ ದಾಟುವವನಿಗೂ ಲಾರಿಗಳ ನಡುವೆ ಓಡಿ ದಾಟುವವನಿಗೂ ಅಪಾಯದ ಪ್ರಮಾಣ ಒಂದೇ ಅಲ್ಲ.

ಹೀಗಿರುವುದರಿಂದ ಅಪಾಯವನ್ನು ಕಡಮೆ ಮಾಡಲು ಎರಡು ದಾರಿಗಳಿವೆ. ಕೇಡಿನ ಸಂಭವವನ್ನು ಕುಗ್ಗಿಸುವುದು ಒಂದು. ಕೇಡು ಬಂದರೂ ಅದರ ತೀವ್ರತೆಯನ್ನು ಕುಗ್ಗಿಸುವುದು ಇನ್ನೊಂದು. ಎರಡನೆಯ ದಾರಿಗೆ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಉದಾಹರಣೆ ದೊರೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ವಿಶಾಲವಾದ ಬಯಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಹಾರಿದ ಪೈಲಟ್‌ರಹಿತ ವಿಮಾನವೊಂದು 2019ರ ಸೆಪ್ಟೆಂಬರ್ 17ರಂದು ಅದೇ ತಾಲ್ಲೂಕಿನ ಹೊಲವೊಂದರಲ್ಲಿ ಬಿದ್ದಿತು. 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲ್ಲೂಕಿನಲ್ಲಿ ಬಿದ್ದಿತು. ಎರಡು ಸಲವೂ ಪ್ರಾಣಹಾನಿಯಾಗಲಿಲ್ಲ. ಹೊಸ ಯಂತ್ರವನ್ನು ಪರೀಕ್ಷಿಸುವಾಗ ಅದು ಕೆಡುವ ಸಂಭವವನ್ನು ಪೂರ್ಣವಾಗಿ ತಪ್ಪಿಸಲಾಗದು. ಯಂತ್ರದೊಳಗೆ ಮನುಷ್ಯನನ್ನು ಕೂರಿಸದಿರುವುದು, ಜನವಸತಿ ವಿರಳವಾದ ಬಯಲನ್ನು ಆರಿಸಿಕೊಳ್ಳುವುದು, ಇವು ತೀವ್ರತೆಯನ್ನು ಕುಗ್ಗಿಸುವ ಉಪಾಯಗಳು.

ಪ್ರಯಾಣಿಕರ ವಿಮಾನದಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ತೀವ್ರತೆ ಯಾವಾಗಲೂ ದೊಡ್ಡದು. ಆದಕಾರಣ ಸಂಭವವನ್ನು ಅತ್ಯಂತ ಚಿಕ್ಕದಾಗಿ ಮಾಡುವುದೊಂದೇ ಅಲ್ಲಿ ಉಳಿದಿರುವ ಮುಖ್ಯ ದಾರಿ.

ಬಜಪೆಯ ಬೆಳಗು

2010ರ ಮೇ 22ರಂದು ಬೆಳಗಿನ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ 737-800 ವಿಮಾನವು ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ರನ್‌ವೇಯ ಕೊನೆಯನ್ನು ದಾಟಿ ಕಣಿವೆಗೆ ಉರುಳಿ ಉರಿದುಹೋಯಿತು. ಅದರಲ್ಲಿದ್ದವರು 166 ಮಂದಿ. ಉಳಿದವರು 8 ಮಂದಿ ಮಾತ್ರ. ಸತ್ತ 158 ಜನರಲ್ಲಿ ದಕ್ಷಿಣ ಕನ್ನಡ, ಕಾಸರಗೋಡು ಕಡೆಯವರು ಬಹಳ ಮಂದಿ. ದುಡಿಮೆಗೆಂದು ಪರದೇಶಕ್ಕೆ ಹೋಗಿ ಊರಿಗೆ ಮರಳುತ್ತಿದ್ದವರು.

ಬಜಪೆಯ ವಿಮಾನ ನಿಲ್ದಾಣವು ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದುದು. ಆ ದಿನ ಬಳಸಿದ ರನ್‌ವೇಯ ಉದ್ದ 2450 ಮೀಟರ್. ಈ ವಿಮಾನಕ್ಕೆ ಅಷ್ಟು ಉದ್ದ ಸಾಲದೆಂದು ಹೇಳುವಂತಿಲ್ಲ. ಹಾಗಾದರೆ ಏನಾಯಿತು? ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಇದನ್ನು ಲೆಕ್ಕ ಮಾಡಬಹುದು.

ಇಳಿಯುವ ವಿಮಾನವು ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಬೇಕು. ಆ ದಿನದ ತೂಕಕ್ಕೆ ತಕ್ಕ ವೇಗ 144 ನಾಟ್ ಎಂದು ನಿಗದಿಯಾಗಿತ್ತು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್, ಆದುದರಿಂದ 144 ನಾಟ್ ಎಂದರೆ ಸೆಕೆಂಡಿಗೆ ಸುಮಾರು 74 ಮೀಟರ್. ವಾಸ್ತವವಾಗಿ ವಿಮಾನವು ಅಂಚನ್ನು ದಾಟಿದುದು ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್‌ಗೂ ಮೀರಿದ ವೇಗದಲ್ಲಿ.

ಮೊದಲು ಎತ್ತರದ ವಿಷಯವನ್ನು ನೋಡೋಣ. ಹೆಚ್ಚಾದ ಎತ್ತರ 150 ಅಡಿ, ಎಂದರೆ ಸುಮಾರು 46 ಮೀಟರ್. ವಿಮಾನಗಳು ಸಾಮಾನ್ಯವಾಗಿ ಇಳಿಯುವ ಇಳಿಜಾರಿನ ಕೋನ 3 ಡಿಗ್ರಿ. ಅದರ ಟ್ಯಾನ್ ಬೆಲೆ ಸುಮಾರು 0.052. 46 ಮೀಟರನ್ನು ಇದರಿಂದ ಭಾಗಿಸಿದರೆ ಸುಮಾರು 880 ಮೀಟರ್ ಬರುತ್ತದೆ. ಎಂದರೆ, ಕಣ್ಣಿಗೆ ಅಲ್ಪವೆಂದು ತೋರುವ 46 ಮೀಟರ್ ಎತ್ತರವು ನೆಲದ ಮೇಲೆ 880 ಮೀಟರ್ ರನ್‌ವೇಯನ್ನು ನುಂಗಿಬಿಡುತ್ತದೆ. ವಿಮಾನವು ಸಾಧಾರಣವಾಗಿ ಅಂಚಿನಿಂದ 300 ಮೀಟರ್ ಒಳಗೆ ನೆಲ ಮುಟ್ಟಬೇಕೆಂದು ಇಟ್ಟುಕೊಂಡರೆ, ಈಗ ಅದು 1180 ಮೀಟರಿನ ಹತ್ತಿರಕ್ಕೆ ಜರುಗಿತು. ಇದರ ಮೇಲೆ ವೇಗ ಹೆಚ್ಚಾದ ವಿಮಾನವು ಕೂಡಲೆ ನೆಲ ಕಚ್ಚದೆ ತೇಲುತ್ತದೆ. ಸೆಕೆಂಡಿಗೆ 80 ಮೀಟರಿನಂತೆ ಐದು ಸೆಕೆಂಡು ತೇಲಿದರೆ ಮತ್ತೆ 400 ಮೀಟರ್ ಹೋಯಿತು. ನಮ್ಮ ಈ ಸ್ಥೂಲವಾದ ಲೆಕ್ಕಕ್ಕೆ 1580 ಮೀಟರ್ ಬಂದಿತು. ವಿಚಾರಣೆಯ ವರದಿಯ ಪ್ರಕಾರ ವಿಮಾನ ನೆಲ ಮುಟ್ಟಿದ್ದು ಅಂಚಿನಿಂದ ಸುಮಾರು 5200 ಅಡಿ ದೂರದಲ್ಲಿ, ಎಂದರೆ 1585 ಮೀಟರಿನಲ್ಲಿ. ಮುಂದೆ ಉಳಿದಿದ್ದುದು 865 ಮೀಟರ್ ಮಾತ್ರ.

ಇನ್ನು ವೇಗದ ವಿಷಯ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 160ನ್ನು 144ರಿಂದ ಭಾಗಿಸಿ ವರ್ಗ ಮಾಡಿದರೆ 1.23 ದೊರೆಯುತ್ತದೆ. ವೇಗ ಹೆಚ್ಚಿದ್ದು ಶೇಕಡ 11. ಬ್ರೇಕುಗಳು ಕರಗಿಸಬೇಕಾದ ಶಕ್ತಿ ಹೆಚ್ಚಿದ್ದು ಶೇಕಡ 23. ಆ ಶಕ್ತಿಯೂ ಅಲ್ಪವಾದುದಲ್ಲ. 60 ಟನ್ ತೂಕದ ವಿಮಾನವು ಸೆಕೆಂಡಿಗೆ 74 ಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿ 16 ಕೋಟಿ ಜೂಲ್‌ಗೂ ಮಿಗಿಲು. ಆನಗೋಡಿನ ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ 25 ಟನ್ನಿನ ಲಾರಿಯ ಶಕ್ತಿಗೆ ಇದು ಸುಮಾರು 47 ಪಟ್ಟು.

ಇಷ್ಟಾದರೂ ನೆಲ ಮುಟ್ಟಿದ ಕ್ಷಣದಲ್ಲಿ ಎಲ್ಲವೂ ಮುಗಿದಿರಲಿಲ್ಲ. ಆಗಿನ ವೇಗ ಸೆಕೆಂಡಿಗೆ 75 ಮೀಟರ್ ಎಂದು ಹಿಡಿದರೆ, 865 ಮೀಟರಿನಲ್ಲಿ ನಿಲ್ಲಲು ಬೇಕಾದ ವೇಗಾಪಕರ್ಷವು ಸೆಕೆಂಡಿಗೆ ಸೆಕೆಂಡಿಗೆ 3.25 ಮೀಟರ್, ಗುರುತ್ವ ವೇಗೋತ್ಕರ್ಷದ ಮೂರನೆಯ ಒಂದು ಪಾಲು. ಇದು ಕಠಿಣ, ಆದರೆ ಅಸಾಧ್ಯವಲ್ಲ. ಪೂರ್ಣ ಬಲದಿಂದ ಬ್ರೇಕು ಒತ್ತಿದ್ದರೆ ವಿಮಾನವು ಗಟ್ಟಿ ನೆಲದ ಮೇಲೆಯೇ ನಿಲ್ಲಬಹುದಾಗಿತ್ತೆಂದು ವಿಚಾರಣೆ ಹೇಳಿತು. ಆದರೆ ಕ್ಯಾಪ್ಟನ್ ಎಂಜಿನ್ನುಗಳ ಹಿಮ್ಮುಖ ನೂಕುಬಲವನ್ನು ಬಳಸಲು ಆರಂಭಿಸಿದ ಮೇಲೆ ಮನಸ್ಸು ಬದಲಾಯಿಸಿ ಮತ್ತೆ ಮೇಲೇರಲು ಯತ್ನಿಸಿದರು. ವಿಮಾನ ತಯಾರಿಸಿದವರ ಸೂಚನೆಗೆ ಇದು ವಿರುದ್ಧ. ಮೇಲೇರಲೂ ದಾರಿ ಉಳಿದಿರಲಿಲ್ಲ, ನಿಲ್ಲಲೂ ದಾರಿ ಉಳಿಯಲಿಲ್ಲ.

ಮೂರು ಬಾರಿ ಕೇಳಿಬಂದ ಕೂಗು

ಇದುವರೆಗೆ ಹೇಳಿದುದು ಯಂತ್ರದ ಕಥೆ. ಆದರೆ ವಿಮಾನದಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕಾಕ್‌ಪಿಟ್ಟಿನ ಮಾತುಗಳನ್ನು ದಾಖಲಿಸುವ ಉಪಕರಣವು ಬೇರೆಯೇ ಒಂದು ಕಥೆಯನ್ನು ಹೇಳಿತು.

ಇಳಿಯುವುದು ಕ್ರಮವಾಗಿಲ್ಲವೆಂದು ಕಂಡಾಗ ಅದನ್ನು ಬಿಟ್ಟು, ಎಂಜಿನ್ನಿಗೆ ಪೂರ್ಣ ಬಲ ಕೊಟ್ಟು, ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು ವಿಮಾನಚಾಲನೆಯ ಒಂದು ಸಾಮಾನ್ಯ ಕ್ರಮ. ಇದಕ್ಕೆ "ಗೋ ಅರೌಂಡ್" ಎಂದು ಹೆಸರು. ಇದರಿಂದ ಆಗುವ ನಷ್ಟ ಕೆಲವು ನಿಮಿಷಗಳು ಮತ್ತು ಒಂದಿಷ್ಟು ಇಂಧನ. ಬಜಪೆಯ ವಿಮಾನದಲ್ಲಿ ಸಹಚಾಲಕರು ಮೂರು ಸಲ "ಗೋ ಅರೌಂಡ್" ಎಂದು ಹೇಳಿದ್ದರು. ನೆಲದ ಸಾಮೀಪ್ಯವನ್ನು ಎಚ್ಚರಿಸುವ ಯಂತ್ರವೂ ಮತ್ತೆಮತ್ತೆ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರು.

ಕ್ಯಾಪ್ಟನ್ ಅನುಭವವಿಲ್ಲದವರೇನೂ ಆಗಿರಲಿಲ್ಲ. ಅವರು 10,000 ಗಂಟೆಗೂ ಹೆಚ್ಚು ಹಾರಿದ್ದವರು. ಆದರೆ ಬಜಪೆಯ ರನ್‌ವೇಯನ್ನು ಹೆಚ್ಚು ಕಂಡವರು ಸಹಚಾಲಕರು. ಕ್ಯಾಪ್ಟನ್ ಅದಕ್ಕೆ ಮೊದಲು ಅಲ್ಲಿ 16 ಸಲ ಇಳಿದಿದ್ದರು. ಸಹಚಾಲಕರು 66 ಹಾರಾಟಗಳಲ್ಲಿ ಅಲ್ಲಿಗೆ ಬಂದಿದ್ದರು. ಬಲ್ಲವನ ಬಾಯಿಗೆ ಬಲವಿಲ್ಲದೆ ಹೋಯಿತು.

ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ಮಂಡಲಿಯು, ಕ್ರಮತಪ್ಪಿದ ಇಳಿತವನ್ನು ನಿಲ್ಲಿಸದೆ ಹೋದುದೇ ದುರಂತದ ನೇರ ಕಾರಣವೆಂದು ಹೇಳಿತು. ಅದರ ಜೊತೆಗೆ ಮೂರು ಪೂರಕ ಕಾರಣಗಳನ್ನೂ ಎತ್ತಿ ತೋರಿಸಿತು. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ರಿಸಿದ್ದು, ಎದ್ದ ಮೇಲೂ ನಿದ್ರೆಯ ಜಡತೆ ಉಳಿದಿರಬಹುದೆಂಬುದು ಒಂದು. ಮಂಗಳೂರಿನ ರೇಡಾರು ಕೆಟ್ಟಿದ್ದುದರಿಂದ ಕೆಳಗಿಳಿಯಲು ಅನುಮತಿ ವಾಡಿಕೆಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ ದೊರಕಿ, ಅದಕ್ಕೆ ತಕ್ಕಂತೆ ಚಾಲಕರು ಇಳಿತವನ್ನು ಯೋಜಿಸದೆ ಎತ್ತರದಲ್ಲಿಯೇ ಉಳಿದುದು ಎರಡನೆಯದು. ಮೂರನೆಯದು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು: "ಗೋ ಅರೌಂಡ್" ಮಾಡಲು ಸಹಚಾಲಕನಿಗೆ ಇರುವ ಅಧಿಕಾರದ ಬಗೆಗೆ ನಾನಾ ಸೂಚನೆಗಳಲ್ಲಿ ಅಸ್ಪಷ್ಟತೆ ಇದ್ದುದರಿಂದ, ಪ್ರಾಯಶಃ ಅದೇ ಕಾರಣಕ್ಕಾಗಿ, ಸಹಚಾಲಕರು ಬಾಯಲ್ಲಿ ಹೇಳಿದರೇ ಹೊರತು ಚಾಲನೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕಾಗದದ ಮೇಲಿನ ಒಂದು ನಿಯಮ ಸ್ಪಷ್ಟವಾಗಿರಲಿಲ್ಲ. ಆ ಕಾಗದವನ್ನು ಬರೆದವರು ವಿಮಾನದಲ್ಲಿರಲಿಲ್ಲ. ನೆಲದ ಮೇಲೆ ಕಚೇರಿಯಲ್ಲಿದ್ದರು. ದುರಂತದ ಬೇರು ಕಾಕ್‌ಪಿಟ್ಟಿನಲ್ಲಿ ಮಾತ್ರವಲ್ಲ, ಸಂಸ್ಥೆಯಲ್ಲಿಯೂ ಇರುತ್ತದೆಂದು ಹೇಳುವುದರ ಅರ್ಥ ಇದೇ.

ಸಾಲುಬಾಗಿಲುಗಳ ಗಣಿತ

ನಮ್ಮ ಹಳೆಯ ಮನೆಗಳಲ್ಲಿ ತಲೆಬಾಗಿಲು, ನಡುಮನೆಯ ಬಾಗಿಲು, ಹಿತ್ತಿಲ ಬಾಗಿಲು ಒಂದೇ ನೇರದಲ್ಲಿ ಇರುವುದುಂಟು. ಯಾವುದಾದರೂ ಒಂದು ಮುಚ್ಚಿದ್ದರೆ ಬೀದಿಯಿಂದ ಹಿತ್ತಿಲು ಕಾಣದು. ಮೂರೂ ಒಮ್ಮೆಗೇ ತೆರೆದಿದ್ದರೆ ಮಾತ್ರ ಬೀದಿಯ ನಾಯಿ ನೇರವಾಗಿ ಹಿತ್ತಿಲಿಗೆ ಓಡುತ್ತದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅಪಘಾತಗಳ ವಿಷಯದಲ್ಲಿ ಇಂಥದೇ ಒಂದು ಕಲ್ಪನೆಯನ್ನು ಮುಂದಿಟ್ಟನು. ಆತ ಹೋಲಿಸಿದ್ದು ತೂತುಗಳಿರುವ ಚೀಸಿನ ಹೋಳುಗಳಿಗೆ. ನಮಗೆ ಬಾಗಿಲುಗಳ ಹೋಲಿಕೆಯೇ ಸಾಕು. ತರಬೇತಿ, ನಿಯಮ, ಯಂತ್ರದ ಎಚ್ಚರಿಕೆ, ಸಹಚಾಲಕನ ಕಣ್ಣು, ನೆಲದ ಮೇಲಿನ ನಿಯಂತ್ರಕನ ಕಣ್ಣು, ಇವೆಲ್ಲ ಒಂದರ ಹಿಂದೆ ಒಂದಾಗಿ ನಿಂತ ತಡೆಗಳು. ಯಾವ ತಡೆಯೂ ಪರಿಪೂರ್ಣವಲ್ಲ. ಎಲ್ಲ ತಡೆಗಳೂ ಒಮ್ಮೆಗೇ ಸೋತಾಗ ಅಪಘಾತವಾಗುತ್ತದೆ.

ಇದಕ್ಕೆ ಸಂಭವಗಣಿತವನ್ನು ಅನ್ವಯಿಸೋಣ. ಒಂದೊಂದು ತಡೆಯೂ ಹತ್ತರಲ್ಲಿ ಒಂದು ಸಲ ಸೋಲುತ್ತದೆಂದು ಇಟ್ಟುಕೊಳ್ಳಿ. ಮೂರು ತಡೆಗಳು ಒಟ್ಟಿಗೆ ಸೋಲುವ ಸಂಭವವು ಸಾವಿರದಲ್ಲಿ ಒಂದು; ಆರು ತಡೆಗಳಿದ್ದರೆ ಹತ್ತು ಲಕ್ಷದಲ್ಲಿ ಒಂದು. ಸಾಧಾರಣ ತಡೆಗಳನ್ನು ಸಾಲಾಗಿ ನಿಲ್ಲಿಸಿ ಅಸಾಧಾರಣ ಸುರಕ್ಷತೆಯನ್ನು ಪಡೆಯಬಹುದು. ವಿಮಾನಯಾನವು ಸುರಕ್ಷಿತವಾಗಿರುವುದರ ಗುಟ್ಟು ಇದೇ.

ಆದರೆ ಸಂಭವಗಳನ್ನು ಹೀಗೆ ಗುಣಿಸುವುದಕ್ಕೆ ಒಂದು ನಿಬಂಧನೆಯಿದೆ. ತಡೆಗಳು ಒಂದರಿಂದೊಂದು ಸ್ವತಂತ್ರವಾಗಿರಬೇಕು. ಒಂದೇ ಕಾರಣವು ಎರಡು ತಡೆಗಳನ್ನೂ ಕೆಡವುವಂತಿದ್ದರೆ ಗುಣಾಕಾರ ಸಲ್ಲದು. ಕಾಕ್‌ಪಿಟ್ಟಿನಲ್ಲಿ ಇಬ್ಬರು ಚಾಲಕರಿರುವುದು ಒಬ್ಬನ ತಪ್ಪನ್ನು ಇನ್ನೊಬ್ಬನು ತಿದ್ದಲೆಂದು. ಕಿರಿಯನು ಹಿರಿಯನಿಗೆ ಹೆದರಿ ಸುಮ್ಮನಿದ್ದರೆ, ಇಲ್ಲವೆ ಆತ ಹೇಳಿದ್ದನ್ನು ಹಿರಿಯನು ಕಿವಿಗೆ ಹಾಕಿಕೊಳ್ಳದಿದ್ದರೆ, ಅಲ್ಲಿ ಇಬ್ಬರು ಕುಳಿತಿದ್ದರೂ ಲೆಕ್ಕಕ್ಕೆ ಒಬ್ಬನೇ. ಸಂಸ್ಥೆಯು ಎರಡು ತಡೆಗಳಿವೆಯೆಂದು ನಂಬಿರುತ್ತದೆ. ವಾಸ್ತವವಾಗಿ ಇರುವುದು ಒಂದೇ.

ಹಿರಿತನದ ಭಾರ

ಈ ಪಾಠವನ್ನು ಜಗತ್ತು ಬಹಳ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಡಚ್ ಸಂಸ್ಥೆಯ ಬೋಯಿಂಗ್ 747 ವಿಮಾನವು ಅನುಮತಿ ದೊರೆಯುವ ಮೊದಲೇ ಮೇಲೇರಲು ಓಡತೊಡಗಿತು. ಅದೇ ರನ್‌ವೇಯ ಮೇಲೆ ಅಮೆರಿಕದ ಇನ್ನೊಂದು 747 ಇನ್ನೂ ಇದ್ದಿತು. ರೇಡಿಯೋ ಮಾತನ್ನು ಕೇಳಿದ ಡಚ್ ವಿಮಾನದ ಫ್ಲೈಟ್ ಎಂಜಿನಿಯರು, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಸಂಶಯ ವ್ಯಕ್ತಪಡಿಸಿದನು. ಕ್ಯಾಪ್ಟನ್ ಆ ಸಂಸ್ಥೆಯ ಅತಿ ಹಿರಿಯ ಚಾಲಕರಲ್ಲೊಬ್ಬನು; ದೃಢವಾಗಿ ಉತ್ತರ ಕೊಟ್ಟು ಮುಂದುವರಿದನು. ಎಂಜಿನಿಯರು ಮತ್ತೆ ಕೇಳಲಿಲ್ಲ. ಎರಡು ವಿಮಾನಗಳೂ ಡಿಕ್ಕಿಯಾಗಿ 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಇದಕ್ಕಿಂತ ಘೋರವಾದ ಅಪಘಾತವಿಲ್ಲ.

1979ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಈ ಬಗೆಯ ಅಪಘಾತಗಳನ್ನು ಕುರಿತು ಒಂದು ವಿಚಾರಗೋಷ್ಠಿಯನ್ನು ನಡೆಸಿತು. ಅದರ ಫಲವಾಗಿ ಚಾಲಕರಿಗೆ ಹೊಸ ಬಗೆಯ ತರಬೇತಿ ಬಂದಿತು. ಕಿರಿಯನು ಸಂಶಯವನ್ನು ಹೇಗೆ ಸ್ಪಷ್ಟವಾಗಿ ಹೇಳಬೇಕು, ಉತ್ತರ ಬಾರದಿದ್ದರೆ ಹೇಗೆ ಮತ್ತೆ ಒತ್ತಿ ಹೇಳಬೇಕು, ಕೊನೆಗೆ ಯಾವಾಗ ಚಾಲನೆಯನ್ನು ಕೈಗೆ ತೆಗೆದುಕೊಳ್ಳಬೇಕು ಎಂಬುದನ್ನು ಅಲ್ಲಿ ಕಲಿಸುತ್ತಾರೆ. ಹಿರಿಯನು ಹೇಗೆ ಕೇಳಬೇಕು ಎಂಬುದನ್ನೂ ಕಲಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಹಿರಿಯರಿಗೆ ಎದುರಾಡಬಾರದೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿತು ಬಂದ ನಮ್ಮಂಥವರು ಇದನ್ನು ವಿಶೇಷವಾಗಿ ಮನಗಾಣಬೇಕು. "ಸಾರ್, ಇದು ಸರಿಯಿಲ್ಲ" ಎಂದು ವಿನಯದಿಂದ ಹೇಳುವುದು ಅವಿಧೇಯತೆಯಲ್ಲ.

ಚಿಕ್ಕ ಸುದ್ದಿಯ ದೊಡ್ಡ ಬೆಲೆ

ಕಾಕ್‌ಪಿಟ್ಟಿನೊಳಗಿನ ಮಾತಿನಂತೆಯೇ ಕಾಕ್‌ಪಿಟ್ಟಿನಿಂದ ಕಚೇರಿಗೆ ಹೋಗುವ ಮಾತೂ ಮುಖ್ಯ. 1974ರ ಡಿಸೆಂಬರ್ 1ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಒಂದು ವಿಮಾನವು ವಾಷಿಂಗ್ಟನ್ನಿನಲ್ಲಿ ಇಳಿಯಲು ಬರುತ್ತ ಗುಡ್ಡಕ್ಕೆ ಬಡಿದು 92 ಜನ ಸತ್ತರು. ಆ ಮೇಲೆ ತಿಳಿದುಬಂದ ಸಂಗತಿಯು ದುರಂತಕ್ಕಿಂತಲೂ ಹೆಚ್ಚು ನೋವಿನದು. ಆರು ವಾರಗಳ ಹಿಂದೆ ಇನ್ನೊಂದು ಸಂಸ್ಥೆಯ ವಿಮಾನವು ಅದೇ ಗುಡ್ಡದಿಂದ ಕೂದಲೆಳೆಯಷ್ಟರಲ್ಲಿ ಪಾರಾಗಿತ್ತು. ಆ ಸಂಸ್ಥೆಯು ತನ್ನ ಚಾಲಕರನ್ನು ಎಚ್ಚರಿಸಿತ್ತು. ಸುದ್ದಿ ಇತರ ಸಂಸ್ಥೆಗಳ ಚಾಲಕರನ್ನು ಮುಟ್ಟಲಿಲ್ಲ. ಇದರಿಂದ ಪಾಠ ಕಲಿತು 1976ರಲ್ಲಿ ಅಮೆರಿಕದಲ್ಲಿ ಒಂದು ವರದಿ ವ್ಯವಸ್ಥೆಯನ್ನು ಏರ್ಪಡಿಸಿದರು. ಚಾಲಕನೊಬ್ಬನು ತನ್ನ ತಪ್ಪನ್ನು ತಾನೇ ಬರೆದು ಕಳುಹಿಸಬಹುದು, ಹೆಸರು ಗುಟ್ಟಾಗಿರುತ್ತದೆ. ಪತ್ರಗಳನ್ನು ಸ್ವೀಕರಿಸುವುದು ಶಿಕ್ಷೆ ವಿಧಿಸುವ ಇಲಾಖೆಯಲ್ಲ, ಶಿಕ್ಷಿಸುವ ಅಧಿಕಾರವೇ ಇಲ್ಲದ ನಾಸಾ.

ಶಿಕ್ಷೆಯ ಭಯವು ಸುದ್ದಿಯನ್ನು ಹೇಗೆ ಅಡಗಿಸುತ್ತದೆ ಎಂಬುದನ್ನು ನಾವು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಂಡಿದ್ದೇವೆ. ಹಿಂದೆ ನಾವಿದ್ದ ಒಂದು ಕಾಲೇಜಿನಲ್ಲಿ ಉಷ್ಣಮಾಪಕ ಒಡೆದ ವಿದ್ಯಾರ್ಥಿಯು ದಂಡ ಕೊಡಬೇಕಾಗಿತ್ತು. ಉಷ್ಣಮಾಪಕಗಳು ಒಡೆಯುವುದು ಕಡಮೆಯಾಯಿತೆಂದು ನಾವು ಸಂತೋಷಪಟ್ಟೆವು. ಒಂದು ದಿನ ಮೇಜಿನ ಖಾನೆಯನ್ನು ಎಳೆದಾಗ ಗಾಜಿನ ಚೂರುಗಳ ನಡುವೆ ಪಾದರಸದ ಹನಿಗಳು ಉರುಳಾಡುತ್ತಿದ್ದವು. ಪಾದರಸದ ಆವಿ ವಿಷ. ಎಷ್ಟು ದಿನಗಳಿಂದ ಅದು ಅಲ್ಲಿತ್ತೋ ಯಾರೂ ಹೇಳಲಾರರು. ಕಡಮೆಯಾದುದು ಒಡೆಯುವುದಲ್ಲ, ಹೇಳುವುದು. ದಂಡವನ್ನು ತೆಗೆದುಹಾಕಿದ ಮೇಲೆ ನೋಂದಣಿ ಪುಸ್ತಕದಲ್ಲಿ ಒಡೆದವುಗಳ ಸಂಖ್ಯೆ ಏರಿತು. ಖಾನೆಗಳು ಮಾತ್ರ ಶುದ್ಧವಾದವು.

ವಿಮಾನ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವರ್ಷಕ್ಕೆ ಒಂದೂ ತಪ್ಪು ವರದಿಯಾಗದ ಸಂಸ್ಥೆಯನ್ನು ಸುರಕ್ಷಿತವೆಂದು ಭಾವಿಸುವುದು ಭ್ರಮೆ. ಹಾಗೆಂದು ಯಾವ ತಪ್ಪಿಗೂ ಶಿಕ್ಷೆ ಕೂಡದೆಂದಲ್ಲ. ಎಚ್ಚರದಿಂದ ಕೆಲಸ ಮಾಡುತ್ತಿದ್ದವನ ಕೈಜಾರಿದ ತಪ್ಪು ಬೇರೆ. ಕುಡಿದು ವಿಮಾನ ನಡೆಸುವುದಾಗಲಿ ನಿಯಮವನ್ನು ಬೇಕೆಂದೇ ಮುರಿಯುವುದಾಗಲಿ ಬೇರೆ. ಮೊದಲನೆಯದನ್ನು ಕ್ಷಮಿಸಿ ಅದರಿಂದ ಕಲಿಯಬೇಕು, ಎರಡನೆಯದನ್ನು ಸಹಿಸಬಾರದು. ಈ ಗೆರೆಯನ್ನು ಮೊದಲೇ ಎಳೆದು ಎಲ್ಲರಿಗೂ ತಿಳಿಸಿರುವುದು ಒಳ್ಳೆಯ ಸಂಸ್ಥೆಯ ಲಕ್ಷಣ.

ನಾಲ್ಕು ಕಂಬಗಳು

ವಿಮಾನಯಾನಕ್ಕೆ ಅಂತರರಾಷ್ಟ್ರೀಯ ನಿಯಮಗಳನ್ನು ರೂಪಿಸುವ ಸಂಸ್ಥೆಯು 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿತು. ಆ ಒಪ್ಪಂದದ 13ನೆಯ ಅನುಬಂಧವು ಅಪಘಾತಗಳ ತನಿಖೆಯನ್ನು ಕುರಿತದ್ದು. ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು ಮಾತ್ರ. ತಪ್ಪನ್ನು ಯಾರ ಮೇಲೂ ಹೊರಿಸುವುದಲ್ಲ ಎಂದು ಅದು ಸಾರುತ್ತದೆ. ನಮ್ಮ ದೇಶದಲ್ಲಿ ಈ ಕೆಲಸಕ್ಕಾಗಿಯೇ ವಿಮಾನ ಅಪಘಾತ ತನಿಖಾ ಬ್ಯೂರೋ 2012ರಲ್ಲಿ ಸ್ಥಾಪನೆಯಾಯಿತು.

2013ರಲ್ಲಿ 19ನೆಯ ಅನುಬಂಧವು ಜಾರಿಗೆ ಬಂದಿತು. ಇದು ಪೂರ್ತಿಯಾಗಿ ಸುರಕ್ಷತೆಯ ನಿರ್ವಹಣೆಗೆ ಮೀಸಲಾದುದು. ಇದರ ಪ್ರಕಾರ ಸಂಸ್ಥೆಯ ಸುರಕ್ಷತಾ ವ್ಯವಸ್ಥೆಗೆ ನಾಲ್ಕು ಕಂಬಗಳಿವೆ. ಮೊದಲನೆಯದು ನೀತಿ ಮತ್ತು ಹೊಣೆ: ಸುರಕ್ಷತೆಗೆ ಕೊನೆಯ ಹೊಣೆ ಸಂಸ್ಥೆಯ ಮುಖ್ಯಾಧಿಕಾರಿಯದೇ ಹೊರತು ಕೆಳಗಿನ ಗುಮಾಸ್ತನದಲ್ಲ. ಎರಡನೆಯದು ಅಪಾಯದ ನಿರ್ವಹಣೆ: ಅಪಾಯಮೂಲಗಳನ್ನು ಹುಡುಕುವುದು, ಸಂಭವ ಮತ್ತು ತೀವ್ರತೆಗಳನ್ನು ಅಳೆಯುವುದು, ತಡೆಗಳನ್ನು ನಿಲ್ಲಿಸುವುದು. ಮೂರನೆಯದು ಪರಿಶೀಲನೆ: ನಿಲ್ಲಿಸಿದ ತಡೆಗಳು ನಿಜವಾಗಿ ಕೆಲಸ ಮಾಡುತ್ತಿವೆಯೇ ಎಂದು ಅಳೆದು ನೋಡುವುದು. ನಾಲ್ಕನೆಯದು ತರಬೇತಿ ಮತ್ತು ತಿಳಿವಳಿಕೆಯ ಹಂಚಿಕೆ.

ಇವುಗಳಲ್ಲಿ ಮೂರನೆಯ ಕಂಬ ದುರ್ಬಲವಾದರೆ ಉಳಿದವು ಕಾಗದದ ಕಂಬಗಳಾಗುತ್ತವೆ. 2020ರ ಆಗಸ್ಟ್ 7ರ ಸಂಜೆ ಅದೇ ಸಂಸ್ಥೆಯ ಅದೇ ಮಾದರಿಯ ವಿಮಾನವು ದುಬೈಯಿಂದಲೇ ಬಂದು, ಬಜಪೆಯಂತೆಯೇ ಗುಡ್ಡದ ಮೇಲಿರುವ ಕೇರಳದ ಕೋಳಿಕ್ಕೋಡ್ ರನ್‌ವೇಯಲ್ಲಿ ಮಳೆಯೊಳಗೆ, ಹಿಂಗಾಳಿಯೊಡನೆ ಇಳಿಯಿತು. 8858 ಅಡಿ ಉದ್ದದ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದು 4438 ಅಡಿಯ ಬಳಿ, ಎಂದರೆ ಸರಿಸುಮಾರು ಅರ್ಧ ದಾರಿಯಲ್ಲಿ. ಕೊನೆಯನ್ನು ದಾಟಿ ಕೆಳಗೆ ಬಿದ್ದು ವಿಮಾನ ಮುರಿಯಿತು. 190 ಮಂದಿಯಲ್ಲಿ ಇಬ್ಬರು ಚಾಲಕರೂ ಸೇರಿ 21 ಜನ ಸತ್ತರು. ತನಿಖಾ ಬ್ಯೂರೋ ಕೊಟ್ಟ ವರದಿಯನ್ನು ಓದಿದವರಿಗೆ ಮೈ ನಡುಗುತ್ತದೆ: ಸಹಚಾಲಕನು "ಗೋ ಅರೌಂಡ್" ಎಂದು ಹೇಳಿದ್ದನು, ಕ್ಯಾಪ್ಟನ್ ಮುಂದುವರಿದನು, ಸಹಚಾಲಕನು ಚಾಲನೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಗಿನ ಹಾರಾಟವನ್ನು ನಡೆಸಬೇಕಾಗಿದ್ದ ಕ್ಯಾಪ್ಟನ್ನಿಗೆ ಕೋಳಿಕ್ಕೋಡಿನಲ್ಲಿಯೇ ಇಳಿಯುವ ತವಕವಿದ್ದಿತೆಂದೂ, ಅಲ್ಲಿ ಕ್ಯಾಪ್ಟನ್ನರ ಸಂಖ್ಯೆ ಸಾಲದೆ ಇದ್ದುದು ಸಂಸ್ಥೆಯ ನೀತಿಯ ದೋಷವೆಂದೂ ವರದಿ ಹೇಳಿತು. ಹತ್ತು ವರ್ಷಗಳ ಹಿಂದಿನ ಪಾಠವು ಪುಸ್ತಕದಲ್ಲಿ ಇದ್ದಿತು. ಪುಸ್ತಕದಲ್ಲಿರುವುದು ಬೇರೆ, ಕೈಯಲ್ಲಿರುವುದು ಬೇರೆ.

ಈಗ ಆನಗೋಡಿನ ಬಸ್ಸಿಗೆ ಮರಳೋಣ. ಕಂಡಕ್ಟರಿನ ಕೂಗಿಗೆ ಬಲ ಬಂದುದು ಆತನ ಗಂಟಲಿನಿಂದಲ್ಲ. ಕೂಗಿದರೆ ನಿಲ್ಲಿಸಲೇಬೇಕೆಂಬ ರೂಢಿಯಿಂದ, ವೃಥಾ ನಿಲ್ಲಿಸಿದೆಯೆಂದು ಯಾರೂ ಆತನನ್ನು ದಂಡಿಸುವುದಿಲ್ಲವೆಂಬ ನಂಬಿಕೆಯಿಂದ, ದಿನಕ್ಕೆ ಹತ್ತಾರು ಸಲ ಹಾಗೆ ನಿಲ್ಲಿಸಿ ಆದ ಅಭ್ಯಾಸದಿಂದ. ರೂಢಿ, ನಂಬಿಕೆ, ಅಭ್ಯಾಸ ಈ ಮೂರನ್ನೂ ಕಾಕ್‌ಪಿಟ್ಟಿನಲ್ಲಿ, ದುರಸ್ತಿಯ ಕಾರ್ಖಾನೆಯಲ್ಲಿ, ನಿಯಂತ್ರಣ ಗೋಪುರದಲ್ಲಿ ಬೆಳೆಸುವುದೇ ವಿಮಾನ ಸಂಸ್ಥೆಯ ಸುರಕ್ಷತಾ ನಿರ್ವಹಣೆಯ ತಿರುಳು. ವಿದ್ಯಾರ್ಥಿಗಳಾದ ವಾಚಕರಲ್ಲಿ ಕೆಲವರು ಮುಂದೆ ವಿಮಾನ ನಡೆಸಬಹುದು, ಅದನ್ನು ರಿಪೇರಿ ಮಾಡಬಹುದು, ಅಥವಾ ಅಂಥ ಸಂಸ್ಥೆಯ ಮೇಲಧಿಕಾರಿಗಳಾಗಬಹುದು. ಕಿರಿಯರಾಗಿದ್ದಾಗ ಹೇಳುವುದನ್ನೂ ಹಿರಿಯರಾದ ಮೇಲೆ ಕೇಳುವುದನ್ನೂ ಅವರು ಈಗಿನಿಂದಲೇ ರೂಢಿಸಿಕೊಳ್ಳಲಿ.

ಅಭ್ಯಾಸಕ್ಕಾಗಿ

1. ನೆಲ ಮುಟ್ಟುವಾಗ ವಿಮಾನದ ವೇಗವು ಶೇಕಡ 10ರಷ್ಟು ಹೆಚ್ಚಾಗಿದ್ದು ಬ್ರೇಕಿನ ಬಲ ಅಷ್ಟೇ ಇದ್ದರೆ, ನಿಲ್ಲಲು ಬೇಕಾದ ದೂರ ಶೇಕಡ ಎಷ್ಟು ಹೆಚ್ಚುತ್ತದೆ? (ಉತ್ತರ: 21)

2. 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನವು ಅಂಚನ್ನು 20 ಮೀಟರ್ ಹೆಚ್ಚು ಎತ್ತರದಲ್ಲಿ ದಾಟಿದರೆ, ನೆಲ ಮುಟ್ಟುವ ಸ್ಥಾನ ಎಷ್ಟು ಮುಂದೆ ಜರುಗುತ್ತದೆ? (ಉತ್ತರ: ಸುಮಾರು 380 ಮೀಟರ್)

3. ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಬೆಂಕಿಯ ಅಪಾಯಕ್ಕೆ ಇರುವ ತಡೆಗಳನ್ನು ಪಟ್ಟಿ ಮಾಡಿರಿ. ಒಂದೇ ಕಾರಣದಿಂದ ಎರಡು ತಡೆಗಳು ಒಟ್ಟಿಗೆ ಸೋಲುವ ಸಂಭವವಿದೆಯೇ ಎಂದು ಪರೀಕ್ಷಿಸಿ, ಇದ್ದರೆ ನಿಮ್ಮ ಅಧ್ಯಾಪಕರಿಗೆ ತಿಳಿಸಿರಿ.